ಹೂ ಹಿಡಿದ ಕೈ ಯಾರದು?

ಚಿತ್ರದೊಳಗಿನ ಆ ಹೆಂಗಸನ್ನು ಕಂಡರೆ ನನಗೆ ಬೇಸರ ಬಂದಿತ್ತು. ಹನ್ನೆರಡು ವರ್ಷ ಅದೇ ಮುಖ, ಅದೇ ಪಾಠ. ಇಟಲಿಯ ಯಾವುದೋ ಊರಿನ ಬಟ್ಟೆ ವ್ಯಾಪಾರಿಯ ಹೆಂಡತಿಯಂತೆ. ಬರೆದವನು ಯಾರೋ ಗೊತ್ತಿಲ್ಲ, ಆಕೆಯ ಹೆಸರೂ ಗೊತ್ತಿಲ್ಲ. ರೆನೆಸಾನ್ಸ್ ಕಾಲದ ಭಾವಚಿತ್ರವನ್ನು ಓದುವುದು ಹೇಗೆ ಅಂತ ಕಲಿಸಲು ನಮ್ಮ ಗೈಡಿನಲ್ಲಿ ಕೊಟ್ಟ ಮಾದರಿ ಅದು. ಹಾವೇರಿಯ ಒಂದು ಖಾಸಗಿ ಚಿತ್ರಕಲಾ ಕಾಲೇಜಿನಲ್ಲಿ ನಾನು ಕಲೆಯ ಇತಿಹಾಸ ಹೇಳುವ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ವಿಭಾಗದ ಮುಖ್ಯಸ್ಥರ ಮುಂದೆ ಹಲ್ಲು ಗಿಂಜಿ ನಿಂತು, ಇನ್ನೊಂದು ವರ್ಷದ ಆದೇಶ ಪತ್ರ ಇಸಿದುಕೊಂಡು ಬರುವ ಅತಿಥಿ.

ಪಾಠ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿತ್ತು. ಮುಕ್ಕಾಲು ತಿರುಗಿದ ಮುಖ. ಸೊಂಟದವರೆಗಿನ ಮೈ. ಕೆಳಗೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಚಾಚಿದ ಎಡಗೈ, ಅದರ ಮೇಲೆ ಬಲಗೈ, ಬಲಗೈಯಲ್ಲಿ ಕೆಂಪು ಕಾರ್ನೇಷನ್ ಹೂ. ಎಡಕ್ಕೊಂದು ಕಿಟಕಿ, ಅದರಾಚೆ ಗುಡ್ಡ ಮತ್ತು ಸುತ್ತಿ ಹೋಗುವ ದಾರಿ. ಗೈಡಿನ ಪ್ರಕಾರ ಕಾರ್ನೇಷನ್ ಅಂದರೆ ವಿವಾಹದ ನಿಶ್ಚಯ, ಕೊರಳಿನ ಮುತ್ತು ಅಂದರೆ ಶೀಲ, ಕಟ್ಟೆ ಅಂದರೆ ನೋಡುವವನಿಗೂ ಅವಳಿಗೂ ನಡುವಿನ ಮರ್ಯಾದೆಯ ಗಡಿ. ತಲೆಯಿಂದ ಎರಡು ಮೊಳಕೈಗಳಿಗೆ ಗೆರೆ ಎಳೆದರೆ ತ್ರಿಕೋನ, ತ್ರಿಕೋನ ಅಂದರೆ ಸ್ಥಿರತೆ. ಒಟ್ಟಿನಲ್ಲಿ ಇದು ಮದುವೆಯ ಚಿತ್ರ. ಇಷ್ಟು ಬರೆದರೆ ಪೂರ್ತಿ ಅಂಕ. ಬರೆಸುತ್ತಿದ್ದೆ, ಬರೆಯುತ್ತಿದ್ದರು, ಮರೆಯುತ್ತಿದ್ದರು.

ಕಳೆದ ವರ್ಷ ಹಳೆಯ ಪಟ ಹರಿದು ಚಿಂದಿಯಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ ಅದೇ ಚಿತ್ರವನ್ನು ಮೂರು ಅಡಿಗೆ ದೊಡ್ಡದು ಮಾಡಿಸಿ ತಂದು ತರಗತಿಯಲ್ಲಿ ತೂಗುಹಾಕಿದೆ. ಪಾಠ ಮುಗಿಸಿ ಡಸ್ಟರ್ ಎತ್ತಿಕೊಳ್ಳುವಾಗ ಕೊನೆಯ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. ಅಂತಿಮ ವರ್ಷದವಳು, ದಿನಾ ರಾಣೆಬೆನ್ನೂರಿನಿಂದ ಬಂದು ಹೋಗುತ್ತಿದ್ದಳು. ನಾಲ್ಕು ವರ್ಷದಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು.

"ಸರ, ಚಿತ್ರ ಬರಿಯೂ ಮುಂದ ಇಕಿ ಆಗ್ಲೇ ಸತ್ತಿದ್ಲಲ್ರಿ?"

"ಐನೂರು ವರ್ಷದ ಹಿಂದಿನಾಕಿ, ಸಾಯದ ಇನ್ನೂ ಇರ್ತಾಳೇನವಾ?" ಅಂದೆ. ಎಲ್ಲರೂ ನಕ್ಕರು. ನನಗೂ ಹುಮ್ಮಸ್ಸು ಬಂತು.

ಅವಳು ಕೂರಲಿಲ್ಲ. "ಹಂಗಲ್ರಿ ಸರ. ಜೀವಂತ ಇದ್ದಾಕಿನ್ನ ಕುಂದ್ರಿಸಿ ಬರದಿಲ್ಲ ಇದನ್ನ. ಮಾರಿ ಅಷ್ಟ ಅಕಿದು. ಕೈ ಬ್ಯಾರೆದೋರವು."

"ಗೈಡ್ ಓದೀಯೇನು?"

"ಓದೇನ್ರಿ."

"ಓದಿದ್ರ ಕುಂದ್ರು."

ಕೂತಳು. ಆದರೆ ನಾನು ಆ ಚಿತ್ರವನ್ನು ಸುತ್ತಿ ಕಪಾಟಿನಲ್ಲಿಡುವಾಗ ಕಣ್ಣು ತಾನಾಗೇ ಕೈಗಳ ಕಡೆ ಹೋಯಿತು. ಹೂವಿನ ದಂಟು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇತ್ತು, ನಿಜ. ಆದರೆ ಬೆರಳು ಹಿಡಿದಿರಲಿಲ್ಲ. ಯಾರೋ ಹೂ ತಂದು ಅಲ್ಲಿ ಒರಗಿಸಿದಂತಿತ್ತು. ಹನ್ನೆರಡು ವರ್ಷದಲ್ಲಿ ನಾನು ಅದನ್ನು ಒಂದು ಸಲವೂ ನೋಡಿರಲಿಲ್ಲ. ಹೂವಿನ ಅರ್ಥ ಹೇಳುವ ಅವಸರದಲ್ಲಿ ಹೂ ಹಿಡಿದದ್ದು ಹೇಗೆ ಅಂತ ಕೇಳಿಕೊಂಡಿರಲಿಲ್ಲ. ಮೈಯೆಲ್ಲ ಉರಿಯಿತು.

ಮರುದಿನ ಅವಳನ್ನು ಸ್ಟಾಫ್ ರೂಮಿಗೆ ಕರೆದೆ. "ತೋರಸು, ಏನೇನು ಕಂಡೀದಿ" ಅಂದೆ. ಅವಳು ಮೊದಲು ತೋರಿಸಿದ್ದು ಬಣ್ಣ. ಮುಖದಲ್ಲಿ ರಕ್ತವೇ ಇಲ್ಲ, ಹಸಿರು ಮಿಶ್ರಿತ ಹಳದಿ. ಕೈಗಳಲ್ಲಿ ಗೆಣ್ಣುಗಳ ಹತ್ತಿರ ಕೆಂಪು ಆಡುತ್ತಿದೆ. ನಾನು ಒಪ್ಪಲಿಲ್ಲ. "ಅದು ಫ್ಲೆಕ್ಸ್ ಅಂಗಡಿಯವನ ಶಾಯಿ ಮಹಿಮಾ" ಅಂದೆ. ಪರೀಕ್ಷೆ ಮಾಡೋಣ ಅಂತ ರಾಣೆಬೆನ್ನೂರಿನ ಬೇರೆ ಅಂಗಡಿಯಲ್ಲಿ, ಬೇರೆ ಯಂತ್ರದಲ್ಲಿ, ಒಳ್ಳೆಯ ಕಾಗದದ ಮೇಲೆ ಮತ್ತೊಂದು ಪ್ರತಿ ತೆಗೆಸಿದೆವು. ಅದರಲ್ಲೂ ಮುಖ ಹಾಗೇ ಇತ್ತು, ಕೈ ಹಾಗೇ ಇತ್ತು.

ಆಮೇಲೆ ನಾವು ಟ್ರೇಸಿಂಗ್ ಹಾಳೆ ಹೊದಿಸಿ ಕೂತೆವು. ನೆರಳುಗಳ ಗಡಿಯನ್ನಷ್ಟೇ ಪೆನ್ಸಿಲ್ಲಿನಲ್ಲಿ ಎತ್ತಿಕೊಂಡು, ಬೆಳಕು ಬಂದ ದಿಕ್ಕಿಗೆ ದಾರ ಕಟ್ಟಿ ಎಳೆದೆವು. ಮೂಗಿನ ನೆರಳು ಚಿತ್ರದ ಬಲಕ್ಕೆ ಬಿದ್ದಿತ್ತು, ಅಂದರೆ ಬೆಳಕು ಕಿಟಕಿಯ ಕಡೆಯಿಂದ, ಎಡದಿಂದ. ಬೆರಳುಗಳ ನೆರಳು ಎಡಕ್ಕೆ ಬಿದ್ದಿತ್ತು, ಅಂದರೆ ಬೆಳಕು ಬಲದಿಂದ. ಒಂದೇ ಮೈಗೆ ಎರಡು ಕಡೆಯಿಂದ ಸೂರ್ಯ! ಕೊನೆಗೆ ಅಳತೆ. ಮನುಷ್ಯರ ಕೈ, ಮಣಿಕಟ್ಟಿನಿಂದ ನಡುಬೆರಳಿನ ತುದಿಯವರೆಗೆ, ಹೆಚ್ಚುಕಡಿಮೆ ಗದ್ದದಿಂದ ಹಣೆಯ ಕೂದಲಂಚಿನಷ್ಟಿರುತ್ತದೆ. ಚಿತ್ರ ಕಲಿಯುವವರು ಮೊದಲ ವರ್ಷವೇ ಕಲಿಯುವ ಲೆಕ್ಕ. ನಮ್ಮ ಪ್ರತಿಯಲ್ಲಿ ಮುಖ ಒಂಬತ್ತು ಇಂಚು ಇತ್ತು, ಚಾಚಿದ ಎಡಗೈ ಏಳೂವರೆ. ಮುಂದಿರುವ ಕೈ ದೊಡ್ಡದು ಕಾಣಬೇಕು, ಇದು ಸಣ್ಣದಾಗಿತ್ತು. ಹದಿಹರೆಯಕ್ಕೆ ಬಾರದ ಹುಡುಗಿಯ ಕೈ.

"ಇದನ್ನ ನಿನ್ನ ಕಿರುಪ್ರಬಂಧ ಮಾಡು" ಅಂದೆ. ಮದುವೆಯ ಚಿತ್ರ ಅಂತ ಗೈಡು ಹೇಳಿದ್ದು ಸತ್ತವಳ ಸ್ಮರಣೆಯ ಚಿತ್ರ ಅಂತ ಸಾಧಿಸುವುದು ಸಣ್ಣ ಮಾತಲ್ಲ. ನನಗೆ ಎಷ್ಟೋ ವರ್ಷದ ಮೇಲೆ ಹಸಿವು ಆದಂತಾಗಿತ್ತು. "ಅದಿರಲಿ, ನಿನಗ ಇದು ಹೆಂಗ ಹೊಳೀತು?"

"ನಮ್ಮಪ್ಪಾರನ್ನ ಕೇಳಿ ಹೇಳ್ತೇನ್ರಿ" ಅಂದಳು.

ಅಪ್ಪ ಕೇಳಿದ್ದು ನನ್ನನ್ನೇ ನೋಡಬೇಕು ಅಂತ. ಒಂದು ಭಾನುವಾರ ರಾಣೆಬೆನ್ನೂರಿಗೆ ಹೋದೆ. ಒಂದೇ ಬಾಗಿಲಿನ ಅಂಗಡಿ, ಒಳಗೆ ಎಣ್ಣೆಬಣ್ಣ ಮತ್ತು ಟರ್ಪೆಂಟೈನ್ ವಾಸನೆ. ಗೋಡೆಯ ತುಂಬ ಸತ್ತವರು. ಆತ ತೀರಿಕೊಂಡವರ ಭಾವಚಿತ್ರ ಬರೆಯುವ ಕಲಾವಿದ. ಈಗ ಎಲ್ಲರೂ ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆ, ಆದರೂ ಕೆಲವು ಮನೆಗಳಿಗೆ ಎಣ್ಣೆಬಣ್ಣದ್ದೇ ಬೇಕು.

"ಬರ್ರಿ ಸರ, ಕುಂದ್ರಿ" ಅಂದವನು ಬಾಗಿಲ ಹತ್ತಿರದ ಸ್ಟೂಲು ತೋರಿಸಿದ. "ಇದರ ಮ್ಯಾಲೆ ಕುಂದ್ರಿಸೇ ಮಗಳ ಕೈ ಬರಿಯೂದು ನಾನು. ಹನ್ನೆರಡು ವರ್ಷದಾಕಿ ಇದ್ದಾಗಿಂದ."

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆತನೇ ಬಿಡಿಸಿ ಹೇಳಿದ. ಮನೆಯವರು ತರುವುದು ಏನು? ಮಂಚದ ಮೇಲೆ ಮಲಗಿಸಿ ಹಾರ ಹಾಕಿದ ಮೇಲೆ ಮೊಬೈಲಿನಲ್ಲಿ ತೆಗೆದ ಮುಖ, ಕಣ್ಣು ಮುಚ್ಚಿದ್ದು. ಇಲ್ಲವೆ ಆಧಾರ್ ಕಾರ್ಡಿನ ಬೆರಳಗಲದ ಮುಖ. ಆದರೆ ಅವರಿಗೆ ಬೇಕಾದದ್ದು ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಕೈ ಇಟ್ಟುಕೊಂಡು, ಎದುರಿಗೆ ನೋಡುವ ಚಿತ್ರ. "ಕಣ್ಣು ನಾ ತಗಸಬೇಕು. ಅಣ್ಣನೋ ತಂಗಿನೋ ಬಂದಿದ್ರ ಅವರ ಕಣ್ಣು ನೋಡಿ ಬರೀತೇನಿ. ಸೀರಿ, ಅಂಗಡಿ ಕ್ಯಾಲೆಂಡರದಾಗಿಂದು. ಕೈ ನನ್ನ ಮಗಳವು. ಸತ್ತಾಕಿದು ಅಂದ್ರ ಮಾರಿ ಅಷ್ಟ ಸರ. ಮಾರಿಗೆ ಬೆಳಕು ಎಲ್ಲಿಂದ ಬಿದ್ದಿರತದೋ ದೇವರಿಗೇ ಗೊತ್ತು. ಕೈಗೆ ಈ ಬಾಗಲದ್ದ ಬೆಳಕು, ಬಲಕ್ಕ. ಎಷ್ಟು ಕೂಡಿಸಿದ್ರೂ ಕೂಡಂಗಿಲ್ಲ ಅದು."

ಇಟಲಿಯ ಆ ಕಲಾವಿದನ ಅಂಗಡಿಯ ಬಾಗಿಲೂ ಬಲಕ್ಕೇ ಇದ್ದಿರಬೇಕು. ನಾನು ಕುಣಿಯುವುದೊಂದು ಬಾಕಿ. ಎದುರಿಗಿದ್ದವನ ಮುಖದಲ್ಲಿ ಮಾತ್ರ ಸಂತೋಷ ಇರಲಿಲ್ಲ.

"ಸರ, ಒಂದ ಮಾತು. ಇದನ್ನ ಮನಿ ಮಂದಿಗೆ ನಾವು ಹೇಳಂಗಿಲ್ಲ. ನಮ್ಮ ಗುರುಗಳೂ ಹೇಳಲಿಲ್ಲ, ನಾನೂ ಹೇಳಿಲ್ಲ. ಕಸಬು ಹೋಗತದಂತ ಅಲ್ರಿ. ಆ ಮಂದಿ ದಿನಾ ದೀಪಾ ಹಚ್ತಾರ ಅದಕ್ಕ. ಅರ್ಧಾ ನಿಮ್ಮಾಕಿ ಅಲ್ಲ ಅಂದ್ರ ಅವರು ಏನ ಮಾಡಬೇಕು?"

"ನನ್ನ ಬಾಯಿಂದ ಒಂದ ಮಾತು ಹೊರಗ ಬೀಳಂಗಿಲ್ಲ" ಅಂದೆ. ಎದೆ ಮುಟ್ಟಿಕೊಂಡು ಅಂದೆ. ಅದು ನೆನಪಾದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆ ಬರುತ್ತದೆ.

ಅಳತೆ ಹೋಲಿಸಿ ನೋಡಲು ಹುಡುಗಿಯ ಸಣ್ಣ ವಯಸ್ಸಿನ ಕೈ ಇರುವ ಒಂದು ಚಿತ್ರ ಬೇಕಿತ್ತು. ಅಂಗಡಿಯಲ್ಲಿ ಇದ್ದವು ಈಚಿನವು. ನಾನು ಪೀಡಿಸಿದೆ. ಕೊನೆಗೆ ಅಪ್ಪ ಬ್ಯಾಡಗಿಯ ಒಂದು ಮನೆ ಹೇಳಿದ. ಮೆಣಸಿನಕಾಯಿ ವ್ಯಾಪಾರದವರು, ಸತ್ತ ಸೊಸೆಯ ಚಿತ್ರ, ಬರೆದು ಒಂಬತ್ತು ವರ್ಷ. "ಸುಮ್ನ ನೋಡಿ ಬರ್ರಿ. ಚಿತ್ರ ಕಲಿಯೂ ಮಂದಿ ಅಂತಷ್ಟ ಹೇಳ್ರಿ" ಅಂದ.

ನಾನು, ಹುಡುಗಿ ಬ್ಯಾಡಗಿಯಲ್ಲಿ ಬಸ್ಸಿಳಿದು, ಮೆಣಸಿನಕಾಯಿ ಘಾಟಿಗೆ ಸೀನುತ್ತ ಸೀನುತ್ತಲೇ ಆ ಮನೆ ಮುಟ್ಟಿದೆವು. ಬಾಗಿಲು ತೆಗೆದದ್ದು ಸತ್ತವಳ ಅತ್ತೆ, ಕೋಲು ಹಿಡಿದು ನಡೆಯುವ ಮುದುಕಿ. ಮನೆಯವರೆಲ್ಲ ಆಯಿ ಅನ್ನುತ್ತಿದ್ದರು, ನಾವೂ ಆಯಿ ಅಂದೆವು. ಎಣ್ಣೆಬಣ್ಣದ ಹಳೆಯ ಚಿತ್ರ ನೋಡಲು ಬಂದಿದ್ದೇವೆ ಅಂದ ಕೂಡಲೇ ಅವರ ಮುಖ ಅರಳಿತು.

ಹಾಲ್‌ನ ನಡುಗೋಡೆಯ ಮೇಲೆ ಸೊಸೆ ಕೂತಿದ್ದಳು. ಇಪ್ಪತ್ತೈದು ಇಪ್ಪತ್ತಾರರ ಮುಖ, ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟ ಕೈ. ಹಣೆಯ ಮೇಲಿನ ಗಾಜು ಸ್ವಚ್ಛ ಇತ್ತು. ಕೈಗಳ ಮೇಲಿನ ಗಾಜು ಅರಿಷಿಣ ಕುಂಕುಮದಿಂದ ಮಬ್ಬಾಗಿತ್ತು.

"ಮಂದಿ ಹಣಿಗೆ ಹಚ್ತಾರ. ನಾ ಕೈಗೆ ಹಚ್ತೇನಿ" ಅಂದರು ಆಯಿ. "ಲಕ್ವಾ ಹೊಡದು ಮೂರ ವರ್ಷ ಹಾಸಿಗಿ ಹಿಡದಿದ್ದೆ ಮಾಸ್ತರ. ಈ ಕೈ ಉಣಿಸ್ಯಾವ ನನಗ. ತಲಿ ಬಾಚ್ಯಾವ. ಎಲ್ಲಾ ಬಳದಾವ. ನಾ ಎದ್ದ ನಿಂತೆ, ಅಕಿ ಎಂಟ ದಿನದ ಜ್ವರಕ್ಕ ಹೋದ್ಲು. ನೋಡ್ರಿ ಹೆಂಗ ಬರದಾನ ಪುಣ್ಯಾತ್ಮ! ಥೇಟ್ ಅಕಿ ಕೈನ."

ನನ್ನ ಪಕ್ಕದಲ್ಲಿದ್ದ ಹುಡುಗಿ ಎರಡೂ ಕೈಗಳನ್ನು ಓಢಣಿಯೊಳಗೆ ಸೇರಿಸಿಕೊಂಡಳು. ಆಯಿ ಒಳಗಿನಿಂದ ಚಹಾ ತರಿಸಿ "ತಗೋ ಯವ್ವಾ" ಅಂದಾಗ, ಕುಡಿಯುವುದಿಲ್ಲ ಅಂತ ತಲೆಯಾಡಿಸಿದಳು. ನಾನು ಕುಡಿದೆ. ಪೆನ್ಸಿಲ್ ಚಾಚಿ ಹಿಡಿದು ಮುಖ ಅಳೆದೆ, ಕೈ ಅಳೆದೆ. ಅಳತೆ ಬರೋಬ್ಬರಿ ಹೊಂದಿತು: ದೊಡ್ಡ ಹೆಂಗಸಿನ ಮುಖ, ಹನ್ನೆರಡರ ಹುಡುಗಿಯ ಕೈ. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲೇ ಅಂತ ಕೇಳಿದೆ. "ತಕ್ಕೋರಿ, ಚಂದ ಬರ್ಲಿ" ಅಂತ ಆಯಿ ತಾವೇ ಸೆರಗಿನಿಂದ ಗಾಜು ಒರೆಸಿದರು.

ವಾಪಸ್ ಬಸ್ಸಿನಲ್ಲಿ ಹುಡುಗಿ ಅಂದಳು, "ಸರ, ಈ ಮನಿ ನನ್ನ ಪ್ರಬಂಧದಾಗ ಬ್ಯಾಡ್ರಿ."

"ಇದರಂಥಾ ಆಧಾರ ಸಿಗೂದಿಲ್ಲ ನಿನಗ."

"ಬ್ಯಾಡ್ರಿ ಸರ. ನೀವು ಕೇಳಿದ್ರೆಲ್ಲಾ, ಆಯಿ ಏನಂದ್ರು."

ಆಗಲಿ ಅಂದೆ. ಖರೇನೇ ಆಗಲಿ ಅಂದೆ. ಐದು ತಿಂಗಳು ಅವಳು ಬರೆದಳು, ನಾನು ತಿದ್ದಿದೆ. ಬಣ್ಣದ ಒಂದು ಅಧ್ಯಾಯ, ನೆರಳಿನ ಒಂದು, ಅಳತೆಯ ಒಂದು. ಕಾರ್ನೇಷನ್ ಬಗ್ಗೆ ಅವಳು ಬರೆದದ್ದು ನನಗೆ ಇವತ್ತಿಗೂ ಹಿಡಿಸಿದೆ: ನಿಶ್ಚಯದ ಹೂವನ್ನು ಸತ್ತವಳ ಕೈಗೆ ಇಡುವುದೆಂದರೆ ಗಂಡ ಇನ್ನೂ ಅವಳನ್ನು ಬಿಟ್ಟುಕೊಟ್ಟಿಲ್ಲ ಅಂತ ಅರ್ಥ, ನಮ್ಮಲ್ಲಿ ಮುತ್ತೈದೆಯಾಗಿ ಹೋದವಳ ಹಣೆಗೆ ಚಿತ್ರದಲ್ಲೂ ಕುಂಕುಮ ತಪ್ಪಿಸುವುದಿಲ್ಲವಲ್ಲ, ಹಾಗೆ. ಕೈಗಳ ವಿಷಯಕ್ಕೆ ಮಾತ್ರ "ನಮ್ಮ ಭಾಗದ ಒಬ್ಬ ಕಲಾವಿದರ ಅನುಭವದಂತೆ" ಅಂತ ಒಂದೇ ಸಾಲು ಬರೆದು ಮುಗಿಸಿದ್ದಳು. ವಿಭಾಗದ ಮುಖ್ಯಸ್ಥರು ಪುಟ ತಿರುವಿ ನೋಡಿ, "ಪುಸ್ತಕದ ಆಧಾರ ಕಡಿಮಿ ಅದಾವ್ರಿ. ಹೊರಗಿನ ಪರೀಕ್ಷಕರು ಯಾರು ಬರ್ತಾರ ಗೊತ್ತದಲ್ಲ?" ಅಂದರು. ಗೊತ್ತಿತ್ತು. ಆ ಗೈಡ್ ಬರೆದವರೇ ಬರುವವರಿದ್ದರು.

ಮೌಖಿಕ ಪರೀಕ್ಷೆ ಬಿರುಬಿಸಿಲಿನ ಒಂದು ಮಧ್ಯಾಹ್ನ. ಮೇಜಿನ ಆಚೆ ಪರೀಕ್ಷಕರು, ಅವರ ಎಡಕ್ಕೆ ಮುಖ್ಯಸ್ಥರು, ಬಲಕ್ಕೆ ನಾನು. ಈಚೆ ಹುಡುಗಿ, ಗೋಡೆಗೆ ನಮ್ಮ ಪ್ರತಿ ಮತ್ತು ಟ್ರೇಸಿಂಗ್ ಹಾಳೆ. ನೆರಳಿನ ಅಧ್ಯಾಯಕ್ಕೆ ಪರೀಕ್ಷಕರು, "ಕಲಾವಿದ ಸೌಂದರ್ಯಕ್ಕಾಗಿ ಬೆಳಕು ಬದಲಿಸಿರುತ್ತಾನೆ" ಅಂದರು. ಬಣ್ಣಕ್ಕೆ, "ಹಳೆಯ ವಾರ್ನಿಶ್" ಅಂದರು. ಅಳತೆಗೆ, "ಆಗ ಸಣ್ಣ ಕೈ ಬರೆಯುವುದೇ ಒಂದು ಶೈಲಿ" ಅಂದರು. ಒಂದೊಂದಕ್ಕೂ ಒಂದೊಂದು ಉತ್ತರ ಜೇಬಿನಲ್ಲೇ ಇತ್ತು ಮಹಾಶಯರಿಗೆ. ಆಮೇಲೆ ಆ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಯಾರಮ್ಮ ಈ ಕಲಾವಿದರು? ಹೆಸರು? ಊರು?"

"ಅದನ್ನ ಹೇಳಂಗಿಲ್ರಿ ಸರ" ಅಂದಳು ಹುಡುಗಿ.

"ಒಂದು ಉದಾಹರಣೆಯಾದರೂ ತೋರಿಸು. ಹೀಗೆ ಬೇರೆಯವರ ಕೈ ಬರೆದ ಒಂದು ಚಿತ್ರ."

ಅವಳು ಇಲ್ಲ ಅಂತ ತಲೆಯಾಡಿಸಿದಳು. ಪರೀಕ್ಷಕರು ಪ್ರಬಂಧವನ್ನು ಮುಚ್ಚಿ ಮುಂದಕ್ಕೆ ತಳ್ಳಿದರು. "ಇದು ಗಾಳಿಮಾತು. ಮುಂದಿನ ವರ್ಷ ಬೇರೆ ಬರೆದುಕೊಂಡು ಬಾ."

"ಆಗಲ್ರಿ ಸರ" ಅಂದಳು ಹುಡುಗಿ.

ಆಗಲ್ರಿ! ಒಂದು ವರ್ಷ ಕಳೆದುಕೊಳ್ಳುವುದಕ್ಕೆ ಅಷ್ಟು ಸಲೀಸಾಗಿ ಒಪ್ಪಿದಳು. ಯಾಕೆ ಒಪ್ಪಿದಳು ಅಂತ ನನಗೊಬ್ಬನಿಗೇ ಗೊತ್ತಿತ್ತು, ಸುಮ್ಮನಿರಬೇಕಾದವನೂ ನಾನೊಬ್ಬನೇ. ಅಷ್ಟರಲ್ಲಿ ಪರೀಕ್ಷಕರು ನನ್ನ ಕಡೆ ತಿರುಗಿ ನಕ್ಕರು. "ನೀವು ಹೇಳಿಕೊಟ್ಟಿದ್ದೇನ್ರಿ ಇದು? ಹನ್ನೆರಡು ವರ್ಷ ಇದನ್ನೇ ಕಲಿಸಿದಿರಾ?"

ನಾನು ಮೊಬೈಲ್ ತೆಗೆದೆ.

ಹುಡುಗಿಯ ವರ್ಷ ಉಳಿಸಲು ತೆಗೆದೆ ಅಂತ ಆಮೇಲೆ ಎಲ್ಲರಿಗೂ ಹೇಳಿದೆ, ಹೆಂಡತಿಗೂ ಹೇಳಿದೆ. ಸುಳ್ಳು. ಆ ನಗು ನನಗೆ ತಡೆಯಲಾಗಲಿಲ್ಲ. ಆ ಮನುಷ್ಯನ ಗೈಡನ್ನು ಹನ್ನೆರಡು ವರ್ಷ ಗಿಳಿಯ ಹಾಗೆ ಒಪ್ಪಿಸಿದ್ದೆನಲ್ಲ, ಅದರ ಸಿಟ್ಟೆಲ್ಲ ಒಮ್ಮೆಲೇ ನೆತ್ತಿಗೇರಿತು. ಫೋಟೋ ತೆರೆದು ಮೇಜಿನ ಮೇಲಿಟ್ಟೆ. ಬ್ಯಾಡಗಿ ಅಂದೆ, ಓಣಿ ಹೇಳಿದೆ, ಮನೆತನ ಹೇಳಿದೆ. ಸೊಸೆ ಸತ್ತ ಮೇಲೆ ಬರೆದದ್ದು, ಬರೆದವನು ಇವಳ ಅಪ್ಪ, ಕೈ ಇವಳವು ಅಂದೆ.

"ಸರ" ಅಂದಳು ಹುಡುಗಿ. ಒಂದೇ ಸಲ. ಅಳುವ ದನಿಯಲ್ಲ, ಬಸ್ಸಿನಲ್ಲಿ ಮಾತಾಡಿದ್ದಳಲ್ಲ, ಅದೇ ದನಿ.

ನಾನು ನಿಲ್ಲಲಿಲ್ಲ. "ಕೈ ಇಡು ಇಲ್ಲೆ" ಅಂದೆ. ಅವಳು ಇಟ್ಟಳು. ಒಂಬತ್ತು ವರ್ಷ ಬೆಳೆದಿದ್ದರೂ ಆ ಸಣಕಲು ಕಿರುಬೆರಳು, ನಡುಬೆರಳಿನ ಕಡೆ ತುಸು ವಾಲಿದ ತೋರುಬೆರಳು ಫೋಟೋದಲ್ಲೂ ಮೇಜಿನ ಮೇಲೂ ಒಂದೇ ಥರ ಇದ್ದವು. ಪರೀಕ್ಷಕರು ಕನ್ನಡಕ ಏರಿಸಿ ನೋಡಿದರು, ಎದ್ದು ಹೋಗಿ ಗೋಡೆಯ ಚಿತ್ರ ನೋಡಿದರು, ಬಂದು ಮತ್ತೆ ಫೋಟೋ ನೋಡಿದರು. "ಭೇಷ್" ಅಂದರು. ಖುದ್ದು ಅಂಕಪಟ್ಟಿ ಎಳೆದುಕೊಂಡು ಡಿಸ್ಟಿಂಕ್ಷನ್ ಬರೆದರು. ನನ್ನ ಎದೆ ಉಬ್ಬಿ ಗೋಡೆಗೆ ತಾಗಿತ್ತು.

ಮುಖ್ಯಸ್ಥರು ಮೊಬೈಲನ್ನು ತಮ್ಮ ಕಡೆ ಎಳೆದುಕೊಂಡು ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡುತ್ತಿದ್ದರು.

"ಇದು ನಮ್ಮ ಸೋದರತ್ತಿ ಮನಿ" ಅಂದರು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಅಂದರೆ ಎಷ್ಟು ಅಗಲ? ಯಾರ ಮನೆಯ ಹೆಸರು ಎತ್ತಿದರೂ ಮೂರನೆಯವನು ನೆಂಟನೇ. ಹುಟ್ಟಿ ಬೆಳೆದವನು ನಾನು, ನನಗೆ ಗೊತ್ತಿರಬೇಕಿತ್ತು. ಹೊರಗೆ ಬಂದ ಮೇಲೆ ಅವರ ಬೆನ್ನು ಬಿದ್ದು, ಆಯಿಗೆ ಹೇಳಬೇಡಿ ಅಂತ ಕೈ ಮುಗಿದೆ. "ನಾ ಯಾಕ ಹೇಳ್ಲಿ ಮಾರಾಯ್ರ?" ಅಂದರು. ಅವರು ಹೇಳಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿದರು. ಹುಡುಗಿ ಆ ದಿನ ನನಗಾಗಿ ಕಾಯದೆ ಬಸ್ಸಿಗೆ ಹೋಗಿದ್ದಳು. ಫೋನ್ ಮಾಡಿದರೆ ಎತ್ತಲಿಲ್ಲ.

ಐದನೆಯ ದಿನ ಅವಳ ಅಪ್ಪ ಫೋನ್ ಮಾಡಿದ. ಬೈಯಲಿಲ್ಲ. "ಸರ, ಬ್ಯಾಡಗಿ ಆಯಿ ಬಂದು ಕುಂತಾರ. ನಿಮ್ಮನ್ನೂ ಕರಸು ಅಂದ್ರು" ಅಂದ.

ಬೈಕ್ ಏರಿ ಹೋದೆ. ಅಂಗಡಿಯ ಎದುರಿಗೆ ಕಾರಿನ ಪಕ್ಕದಲ್ಲಿ ಆಯಿಯ ಮಗ ನಿಂತಿದ್ದ. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ಒಳಗೆ ಆಯಿ ಬಾಗಿಲ ಹತ್ತಿರದ ಅದೇ ಸ್ಟೂಲಿನ ಮೇಲೆ ಕೂತಿದ್ದರು. ಎದುರಿಗೆ ಸೊಸೆಯ ಚಿತ್ರ, ಗಾಜು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಹುಡುಗಿ ಮೂಲೆಯಲ್ಲಿ ನಿಂತಿದ್ದಳು.

"ಖರೇ ಏನಪಾ?" ಅಂತ ಆಯಿ ಅವಳ ಅಪ್ಪನನ್ನು ಕೇಳಿದರು. ನಾನು ಬರುವವರೆಗೆ ಆ ಮಾತು ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ.

"ಖರೇರಿ ಅವ್ವಾರ" ಅಂದ ಆತ. ಅದರ ಹಿಂದೆ ಮುಂದೆ ಏನೂ ಸೇರಿಸಲಿಲ್ಲ.

"ಬಾ ಯವ್ವಾ, ಕೈ ಕೊಡು" ಅಂದರು ಹುಡುಗಿಗೆ. ಅವಳ ಎರಡೂ ಕೈ ಹಿಡಿದು, ಮುಂದೆ ನೋಡಿದರು, ಹಿಂದೆ ತಿರುವಿ ನೋಡಿದರು, ಒಂದೊಂದೇ ಬೆರಳು ಮುಟ್ಟಿದರು. "ನಿಂದೇನ ತಪ್ಪೈತಿ. ಹನ್ನೆರಡ ವರ್ಷದ ಕೂಸು. ಅಪ್ಪ ಕುಂದ್ರು ಅಂದಾ, ಕುಂತಿ." ಆಮೇಲೆ ಚಿತ್ರದ ಕಡೆ ನೋಡುತ್ತ, ಯಾರಿಗೂ ಅಲ್ಲದ ಹಾಗೆ, "ಒಂಬತ್ತ ವರ್ಷ ನಾ ಯಾರ ಕೈಗೆ ಕುಂಕುಮ ಹಚ್ಚೇನಿ" ಅಂದರು.

"ಆಯಿ, ತಪ್ಪು ನಂದು" ಅಂದೆ. ಅವರು ನನ್ನ ಕಡೆ ತಿರುಗಲಿಲ್ಲ. "ಈ ಕೈ ತಗದಬಿಡಪಾ" ಅಂದರು ಕಲಾವಿದನಿಗೆ.

"ಅವ್ವಾರ, ತಗಿಯೂದು ಬ್ಯಾಡ್ರಿ. ಹಂಗ ಇರ್ಲಿ, ವಿಚಾರ ಮಾಡ್ರಿ."

"ತಗಿ ಅಂದೆ."

ಒಂಬತ್ತು ವರ್ಷ ಒಣಗಿದ ಎಣ್ಣೆಬಣ್ಣ ಒರೆಸಿದರೆ ಹೋಗುವುದಿಲ್ಲ. ಮೇಲೆ ಬಣ್ಣ ಹಚ್ಚಿ ಮುಚ್ಚಬೇಕು. ಆತ ಸೀರೆಯ ಕಡುಗೆಂಪು ಕಲಸಿದ, ಚಪ್ಪಟೆ ಬ್ರಶ್ ತೆಗೆದುಕೊಂಡ. ಮೊದಲು ಬೆರಳ ತುದಿಗಳು ಹೋದವು, ಆಮೇಲೆ ಗೆಣ್ಣು, ಆಮೇಲೆ ಬಳೆಯ ತನಕ ಮಣಿಕಟ್ಟು. ಹುಡುಗಿ ಚೌಕಟ್ಟು ಅಲುಗದಂತೆ ಎರಡೂ ಕಡೆ ಹಿಡಿದು ನಿಂತಿದ್ದಳು. ಅರ್ಧ ಗಂಟೆಯಲ್ಲಿ ಸೊಸೆಯ ತೊಡೆಯ ಮೇಲೆ ಸೆರಗು ಬಿಟ್ಟು ಏನೂ ಉಳಿಯಲಿಲ್ಲ.

"ಈಗ ಹೇಳ್ರಿ ಅವ್ವಾರ" ಅಂದ ಆತ. ಮಡಿಲಲ್ಲಿ ಕಾಗದ ಇಟ್ಟುಕೊಂಡು ಇದ್ದಿಲ ಕಡ್ಡಿ ಹಿಡಿದಿದ್ದ, ಕಣ್ಣು ಕೆಂಪಾಗಿದ್ದವು. "ಅಕಿ ಕೈ ಹೆಂಗಿದ್ವು ಹೇಳ್ರಿ. ನೀವು ಸರಿ ಅನ್ನೂತನಕ ಬರೀತೇನಿ. ಬೆರಳು ಉದ್ದ ಇದ್ವೋ, ಗಿಡ್ಡೋ?"

"ಬೆರಳು..." ಅಂದರು ಆಯಿ.

"ಫೋಟೋ ಏನರೆ ಅದಾವೇನ್ರಿ?"

"ಮದಿವ್ಯಾಗಿನ ಒಂದೈತಿ. ಹಾರದಾಗ ಮುಚ್ಚ್ಯಾವ."

"ಉಣಸ್ತಿದ್ಲು ಅಂದ್ರೆಲ್ಲಾ. ತುತ್ತು ಹಿಡದದ್ದು ನೆನಸಿಕೊಳ್ರಿ."

ಆಯಿ ಕಣ್ಣು ಮುಚ್ಚಿದರು. ಬಹಳ ಹೊತ್ತು ಮುಚ್ಚಿದ್ದರು. ಹೊರಗಿನಿಂದ ಮಗ ಎರಡು ಸಲ ಒಳಗೆ ಇಣುಕಿ ಹೋದ. ಅವರ ತುಟಿ 'ಆ' ಅನ್ನುವ ಹಾಗೆ ತುಸು ತೆರೆದಿತ್ತು, ಉಣಿಸಿಕೊಳ್ಳುವವರ ಹಾಗೆ. ಕಣ್ಣು ತೆರೆದಾಗ ಅವರು ನೋಡಿದ್ದು ಚೌಕಟ್ಟು ಹಿಡಿದಿದ್ದ ಹುಡುಗಿಯ ಕೈಗಳನ್ನು.

"ನೆನಪಾಗವಲ್ದು" ಅಂದರು. "ಕಣ್ಣ ಮುಚ್ಚಿದ್ರ ಇವ ಬರ್ತಾವ. ಅಕಿವು ಬರವಲ್ವು."

ಆಗ ಅವರು ಮೊದಲ ಸಲ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ. ದವಾಖಾನೆಯಲ್ಲಿ ಡಾಕ್ಟರನ್ನು ಕೇಳುವ ಹಾಗೆ, ಖರೇನೇ ಕೇಳಿದರು.

"ಮಾಸ್ತರ, ನೀವು ಓದಿದವರು. ಯಾವುದೋ ದೇಶದಾಕಿ, ಸತ್ತು ಐನೂರ ವರ್ಷ ಆದಾಕಿ, ಅಕಿ ಮಾರಿ ನೋಡಿ ಕೈ ಅಕಿವಲ್ಲ ಅಂತ ಹೇಳಿದಿರಂತ. ಇಕಿ ಮಾರಿನೂ ನೋಡ್ರಿ. ನೋಡಿ ಹೇಳ್ರಿ, ಇಕಿ ಕೈ ಹೆಂಗಿದ್ವು?"